ಹೆಚ್ಚಿಗೆ ಎಣಿಸಿದ ಸೊನ್ನೆ

ನಾನು ಲೆಕ್ಕದ ಮೇಷ್ಟರು. ಬೋರ್ಡಿನ ಮೇಲೆ ತಪ್ಪು ಮಾಡಿದರೆ ಯಾರೂ ನೋಡುವ ಮೊದಲೇ ಒರೆಸಿ ಅಭ್ಯಾಸ. ಆದರೆ ಹೆಣ್ಣಿನ ಮನೆಯಲ್ಲಿ ಡಸ್ಟರ್ ಇರುವುದಿಲ್ಲ. ಹೋದ ಭಾನುವಾರದಿಂದ ನನಗೆ ಕನ್ನಡಿ ನೋಡಿಕೊಂಡು ಗಡ್ಡ ಹೆರೆಯುವುದಕ್ಕೂ ನಾಚಿಕೆ.

ಅಪ್ಪ, ಅಮ್ಮ, ನಾನು ರಾಜಾಜಿನಗರದಿಂದ ವಿಜಯನಗರಕ್ಕೆ ಹೆಣ್ಣು ನೋಡಲು ಹೋಗಿದ್ದೆವು. ಕಪ್ಪು-ಬಿಳುಪು ಟೀವಿಗೆ ಕಸೂತಿ ಬಟ್ಟೆ ಹೊದಿಸಿದ್ದ ಹಾಲ್. ಹುಡುಗಿ ಸುಮತಿ, ಬಿ.ಎಸ್ಸಿ. ಉಪ್ಪಿಟ್ಟಿನ ತಟ್ಟೆ ಕೊಡುವಾಗ ನನ್ನನ್ನು ನೇರವಾಗಿ ನೋಡಿದಳು. ಆಗಲೇ ನಾನು ಮನಸ್ಸಿನಲ್ಲಿ ತಾಳಿ ಕಟ್ಟಿಬಿಟ್ಟಿದ್ದೆ. ಅಮ್ಮ ಎಂದಿನಂತೆ, "ಒಂದು ಹಾಡು ಹೇಳಮ್ಮ" ಎಂದಳು. ನಾನು ಆಧುನಿಕನಲ್ಲವೇ, "ಹಾಡೆಲ್ಲ ಬೇಡ, ಒಂದು ಲೆಕ್ಕ ಕೇಳ್ತೀನಿ" ಎಂದೆ. ಅದು ಹಾಡಿಗಿಂತ ಮರ್ಯಾದೆಯ ಪರೀಕ್ಷೆ ಎಂದುಕೊಂಡೆ. ಕೂತವರು ನಾವು, ನಿಂತವಳು ಅವಳು ಎಂಬುದು ಹೊಳೆಯಲಿಲ್ಲ.

"ಒಂದರಿಂದ ಒಂಬತ್ತರವರೆಗೆ ಎಲ್ಲಾ ಗುಣಿಸಿದ್ರೆ ಕೊನೇಲಿ ಎಷ್ಟು ಸೊನ್ನೆ?"

"ಒಂದು."

ಅಲ್ಲಿಗೆ ನಿಲ್ಲಿಸಿದ್ದರೆ ಈ ಹೊತ್ತಿಗೆ ಛತ್ರ ಹುಡುಕುತ್ತಿದ್ದೆವು. "ಹತ್ತರ ಬದಲು ಡಜನ್ ಲೆಕ್ಕದಲ್ಲಿ ಬರೆದ್ರೆ?" ಎಂದೆ. ಅಂದರೆ, ಆ ಗುಣಲಬ್ಧವನ್ನು ಶೇಷವಿಲ್ಲದೆ ಹನ್ನೆರಡರಿಂದ ಎಷ್ಟು ಸಲ ಭಾಗಿಸಬಹುದೋ ಅಷ್ಟು ಸೊನ್ನೆ. ಇಂಥ ಲೆಕ್ಕದಲ್ಲಿ ದೊಡ್ಡ ಅವಿಭಾಜ್ಯವನ್ನಷ್ಟೇ, ಹನ್ನೆರಡಕ್ಕಾದರೆ ಮೂರನ್ನಷ್ಟೇ, ಎಣಿಸಿ ಕೈತೊಳೆದುಕೊಳ್ಳುವುದು ನನ್ನ ರೂಢಿ. ಮೂರರಲ್ಲಿ ಒಂದು, ಆರರಲ್ಲಿ ಒಂದು, ಒಂಬತ್ತರಲ್ಲಿ ಎರಡು, ಹೀಗೆ ಮೂರುಗಳು ನಾಲ್ಕಿವೆ, ಉತ್ತರ ನಾಲ್ಕು.

"ಮೂರು" ಎಂದಳು ಸುಮತಿ.

"ನಾಲ್ಕು. ನಿಧಾನವಾಗಿ ಯೋಚನೆ ಮಾಡಿ" ಎಂದೆ, ಕ್ಲಾಸಿನ ಗತ್ತಿನಲ್ಲಿ.

"ಒಂದೊಂದು ಹನ್ನೆರಡಕ್ಕೂ ಒಂದು ಮೂರು, ಜೊತೆಗೆ ಒಂದು ಜೋಡಿ ಎರಡು ಬೇಕಲ್ವಾ? ಎರಡುಗಳು ಇರೋದೇ ಏಳು."

ಏಳರಲ್ಲಿ ಜೋಡಿ ಮೂರೇ. ಆ ಕ್ಷಣವೇ ನನಗೆ ತಿಳಿಯಿತು. "ಹೌದು, ನಂದೇ ತಪ್ಪು" ಎನ್ನಬೇಕಿದ್ದ ಬಾಯಿ, "ನಿಮ್ಮ ಕಾಲೇಜಲ್ಲಿ ಹಾಗೆ ಹೇಳ್ಕೊಟ್ಟಿರಬಹುದು" ಎಂದಿತು. ಅವಳು ಅರ್ಧ ಉಪ್ಪಿಟ್ಟಿದ್ದ ನನ್ನ ತಟ್ಟೆಯನ್ನೇ ಎತ್ತಿಕೊಂಡು ಒಳಗೆ ಹೋದಳು.

ಸಂಬಂಧ ತಂದಿದ್ದ ಸೋದರಮಾವ ನಿನ್ನೆ ಉತ್ತರ ತಂದ. "ಹುಡುಗಿ ಬೇಡ ಅಂದ್ಲಂತೆ ಕಣೋ. ತಪ್ಪಾಯ್ತು ಅನ್ನೋಕೆ ಬಾಯಿ ಬರದೋರ ಜೊತೆ ಜೀವನ ಪೂರ್ತಿ ಹೆಂಗಪ್ಪಾ ಇರ್ಲಿ ಅಂತ ಅವರಪ್ಪನ್ನ ಕೇಳಿದ್ಲಂತೆ."

ಅಮ್ಮ ನನ್ನನ್ನು ಬೈಯುತ್ತಾಳೆಂದು ಕಾದೆ. ಅವಳು ಅಪ್ಪನ ಕಡೆ ನೋಡಿ, "ಪುಣ್ಯವಂತೆ. ನನ್ನನ್ನ ಯಾರೂ ಕೇಳಿರ್ಲಿಲ್ಲ" ಎಂದಳು.

ಅಪ್ಪ ಪೇಪರಿನಿಂದ ತಲೆಯೆತ್ತದೆ, "ಲೆಕ್ಕದಲ್ಲಿ ನಮ್ಮೋನು ತಪ್ಪೋನಲ್ಲ ಬಿಡು" ಎಂದರು. ಹೇಳಿಕೊಳ್ಳಲು ನಾಚಿಕೆಯಾಗುತ್ತದೆ, ಆ ಮಾತಿಗೆ ನಾನು ಹೌದೆಂದು ತಲೆಯಾಡಿಸಿದೆ.