ಅತ್ತೆಯವರಿಗೆ ಕೇಳಿಸಿದ ವೆಬ್‌ಸೈಟು

ಸಿಂಧನೂರು, ಮಸ್ಕಿ, ಲಿಂಗಸುಗೂರು ಈ ಮೂರೂ ತಾಲ್ಲೂಕಿನಲ್ಲಿ ತಾನು ಹತ್ತದ ಮರವಿಲ್ಲ, ಹೀಗಿರುವಾಗ ಒಂದು ವೆಬ್‌ಸೈಟು ಯಾವ ಮಹಾ ಎಂದು ಅಂಬಪ್ಪ ಮಂಡಕ್ಕಿ ಸುಸಲಾದ ತಟ್ಟೆ ಮುಂದಿಟ್ಟುಕೊಂಡು ಘೋಷಿಸಿದ. ‘ನೆರಳು ಮರ ಆರೈಕೆ’ ಎಂಬ ಉದ್ಯಮಕ್ಕೆ ಅವನೇ ಒಡೆಯ. ಮನೆ ಮೇಲೆ ಒರಗಿದ ಕೊಂಬೆ ಇಳಿಸುವುದು, ಗೆದ್ದಲು ಹತ್ತಿದ ಬುಡಕ್ಕೆ ಔಷಧಿ ಹಾಕುವುದು, ಉಳಿಯದ ಮರವನ್ನು ಯಾರ ಗೋಡೆಗೂ ತಾಗದಂತೆ ತೆಗೆಯುವುದು ಅವನ ಕಸುಬು.

ಘೋಷಣೆಗೆ ಕಾರಣ ಲಿಂಗಸುಗೂರಿನಿಂದ ಬಂದ ಒಂದು ಫೋನು. ಮಾತಾಡಿದವರು ಸಂಗೀತ ಕಲಿಸುವ ದುರ್ಗಾದೇವಿ. ಅವರಿಗೆ ಹುಟ್ಟಿನಿಂದ ಕಣ್ಣು ಕಾಣುವುದಿಲ್ಲ. ಅವರ ಮೊಬೈಲು ಪರದೆ ಮೇಲಿರುವುದನ್ನೆಲ್ಲ ಗಟ್ಟಿಯಾಗಿ ಓದಿ ಹೇಳುತ್ತದೆ. ಆದರೆ ಅಂಬಪ್ಪನ ವೆಬ್‌ಸೈಟಿಗೆ ಹೋದರೆ ಅದು ‘ಚಿತ್ರ, ಚಿತ್ರ, ಬಟನ್, ಚಿತ್ರ’ ಎಂದು ಜಪಕ್ಕೆ ಕೂತುಬಿಡುತ್ತದಂತೆ. ಅವರ ಅಂಗಳದ ಬೇವು ಮಾಳಿಗೆ ಮೇಲೆ ಬಾಗಿತ್ತು. ಇವತ್ತೇ ಬಂದು ನೋಡುತ್ತೇನೆ ಎಂದ ಅಂಬಪ್ಪನಿಗೆ ಅವರು ಬೇಡವೆಂದರು. ಈ ನಂಬರನ್ನೂ ಪಕ್ಕದ ಮನೆಯವರಿಂದ ಓದಿಸಿಕೊಳ್ಳಬೇಕಾಯಿತು, ಮೊದಲು ವೆಬ್‌ಸೈಟು ಸರಿ ಮಾಡಿ, ಆಮೇಲೆ ಎಲ್ಲರ ಹಾಗೆ ನಾನೇ ಬುಕ್ ಮಾಡುತ್ತೇನೆ ಎಂದು ಫೋನಿಟ್ಟರು.

ಆ ಮಾತು ಅಂಬಪ್ಪನ ಎದೆಗೆ ನಾಟಿತು. ಅವನ ಹೆಂಡತಿ ಅಂಬಿಕಾ ಸರ್ಕಾರಿ ಕಚೇರಿಯಲ್ಲಿ ಕಂಪ್ಯೂಟರ್ ಆಪರೇಟರ್. ತಾನು ನೋಡಿಕೊಡುತ್ತೇನೆ ಎಂದು ಅವಳು ಹೇಳಿದಳು. ಮರದ ವಿಷಯ ಮರದವನಿಗೇ ಗೊತ್ತು ಎಂದು ಇವನು ಲ್ಯಾಪ್‌ಟಾಪನ್ನು ತನ್ನ ಕಡೆ ಎಳೆದುಕೊಂಡ.

ಮೊದಲು ವಯಸ್ಸಾದವರಿಗೆ ಕಾಣಲೆಂದು ಅಕ್ಷರ ದೊಡ್ಡದು ಮಾಡಿದ. ಎಷ್ಟು ದೊಡ್ಡದೆಂದರೆ, ಮೊಬೈಲಿನಲ್ಲಿ ತೆರೆದರೆ ‘ಮರ’ ಎಂಬ ಎರಡೇ ಅಕ್ಷರ ಹಿಡಿಸಿ, ‘ಆರೈಕೆ’ಯನ್ನು ಹುಡುಕಲು ಬೆರಳು ಪ್ರವಾಸ ಹೊರಡಬೇಕಿತ್ತು. ಹಸಿರಿನ ಮೇಲೆ ಹಳದಿ ಬರಹ ಕಣ್ಣಿಗೆ ಕಷ್ಟವೆಂದು ಓದಿ, ಬಿಳಿಯ ಮೇಲೆ ದಪ್ಪ ಕಪ್ಪು ಅಕ್ಷರದಲ್ಲಿ ತನ್ನ ಹೆಸರು ಹಾಕಿ, ಮೇಲೆ ತನ್ನದೊಂದು ಫೋಟೋ ಇಟ್ಟ. ಅದನ್ನು ಕಂಡ ಪಕ್ಕದ ಟೈರ್ ಅಂಗಡಿಯ ಮಸ್ತಾನಸಾಬ ಕೆಲಸ ಬಿಟ್ಟು ಓಡಿ ಬಂದು, ಬಾಗಿಲಲ್ಲಿ ಅಂಬಪ್ಪ ಜೀವಂತ ನಿಂತಿದ್ದನ್ನು ನೋಡಿ ಉಸಿರು ಬಿಟ್ಟ. ಬಣ್ಣ ಮತ್ತೆ ಬದಲಾಯಿತು, ಫೋಟೋ ಬೇರೆ ಪುಟಕ್ಕೆ ಹೋಯಿತು.

ಬಟನ್ನುಗಳಿಗೆಲ್ಲ ಹೆಸರು ಕೊಟ್ಟ ಮೇಲೆ ಕೊನೆಗೆ ಉಳಿದದ್ದು ಚಿತ್ರಗಳು. ಪ್ರತಿ ಚಿತ್ರದ ಹಿಂದೆ ಕಣ್ಣಿಗೆ ಬೀಳದ ಜಾಗವೊಂದಿರುತ್ತದೆ, ಅಲ್ಲಿ ವಿವರ ಬರೆದರೆ ಮೊಬೈಲು ಅದನ್ನು ಓದುತ್ತದೆ ಎಂದು ಅಂಬಪ್ಪ ಕಲಿತ. ಮಸ್ಕಿಯ ಮುದಿ ಬೇವಿನಿಂದ ಶುರುಮಾಡಿ ಒಂದೊಂದಕ್ಕೂ ಮನಸ್ಸಿಟ್ಟು ಬರೆದ. ಎಲ್ಲಕ್ಕಿಂತ ಕೊನೆಯಲ್ಲಿದ್ದದ್ದು ಜವಳಗೇರಾದ ಅತ್ತೆ ಮುದುಕಮ್ಮ ತಮ್ಮ ಹುಣಸೆಮರದ ಕೆಳಗೆ ನಿಂತ ಚಿತ್ರ. ಅವರನ್ನು ಹೊಗಳುವುದರಲ್ಲಿ ಅಳಿಯ ಜಿಪುಣತನ ಮಾಡಲಿಲ್ಲ. ಬರೆದದ್ದನ್ನು ಓದಿಕೊಂಡಾಗ ತನಗೇ ಸಂತೋಷ ಉಕ್ಕಿತು. ಇಂಥ ಅತ್ತೆ ಕೊನೆಯಲ್ಲಿರುವುದು ಸರಿಯಲ್ಲವೆಂದು ಚಿತ್ರವನ್ನು ಎತ್ತಿ ಎಲ್ಲಕ್ಕಿಂತ ಮೇಲೆ ಕೂರಿಸಿದ. ಚಿತ್ರ ಮೇಲೆ ಹೋಯಿತು. ಚಿತ್ರಗಳ ಹಿಂದೆ ಬರೆದ ವಿವರಗಳು ಮಾತ್ರ ಇದ್ದ ಜಾಗ ಬಿಟ್ಟು ಕದಲಲಿಲ್ಲ. ಅದು ಅವನಿಗೆ ತಿಳಿಯಲಿಲ್ಲ.

ಅತ್ತೆಯವರು ಆಗ ಅಳಿಯನ ಮನೆಯಲ್ಲೇ ಇದ್ದರು. ಕಣ್ಣಿನ ಪೊರೆ ತೆಗೆಸಿಕೊಂಡು, ಕಪ್ಪು ಕನ್ನಡಕ ಹಾಕಿಕೊಂಡು, ಮಗಳಿಂದ ಹನಿ ಹಾಕಿಸಿಕೊಳ್ಳುತ್ತಿದ್ದರು. ಮೊಬೈಲು ನೋಡಬಾರದೆಂದು ಡಾಕ್ಟರು ಹೇಳಿದ್ದರು. ನೋಡುವುದು ಬೇಡ, ಕೇಳಿದರೆ ಸಾಕು ಎಂದು ಅಂಬಪ್ಪ ಹಿಗ್ಗಿನಿಂದ ಮೊಬೈಲನ್ನು ಅವರ ಮಡಿಲಲ್ಲಿಟ್ಟ. ಮೊದಲನೆಯ ಚಿತ್ರ ನಿಮ್ಮದೇ ಎಂದೂ ಹೇಳಿದ. ಮುದುಕಮ್ಮ ಸೆರಗು ಸರಿ ಮಾಡಿಕೊಂಡು ಕೂತರು.

ಮೊಬೈಲು ಸ್ಪಷ್ಟ ದನಿಯಲ್ಲಿ ಓದಿತು: “ತುಂಬಾ ವಯಸ್ಸಾಗಿದೆ. ಬುಡ ದಪ್ಪ, ಒಳಗೆಲ್ಲಾ ಟೊಳ್ಳು. ಜೋರು ಗಾಳಿ ಬಂದರೆ ಮನೆಯವರ ಮೇಲೆ ಬೀಳುವ ಅಪಾಯ. ತಡಮಾಡದೆ ತೆಗೆಸುವುದು ಒಳ್ಳೆಯದು.”

ಮುದುಕಮ್ಮ ಮೊಬೈಲನ್ನು ಪಕ್ಕಕ್ಕಿಟ್ಟರು.

“ಅಂಬಿಕಾ, ನನ್ನ ಚೀಲ ತಾ. ಬಸ್ ಸಿಗತೈತಿ.”

“ಅತ್ತಿಯವ್ರ, ಅದು ನಿಮ್ಮದಲ್ರೀ, ಮಸ್ಕಿ ಬೇವಿನ ಗಿಡದ್ದು” ಎಂದು ಅಂಬಪ್ಪ ತೊದಲಿದ.

“ಹಂಗಾದ್ರ ನಂದು ಎಲ್ಲಿ ಹೋತು?”

ಅಂಬಿಕಾ ಗಂಡನ ಮುಖವನ್ನು ದುರುಗುಟ್ಟಿ ನೋಡುತ್ತ, ಒಂದೊಂದೇ ಚಿತ್ರವನ್ನು ಓದಿಸುತ್ತ ಹೋದಳು. ಕಟ್ಟಕಡೆಯ ಚಿತ್ರಕ್ಕೆ ಮೊಬೈಲು ಗದ್ಗದಿತವಾದಂತೆ ಹೇಳಿತು: “ನಮ್ಮ ಅತ್ತೆ ಮುದುಕಮ್ಮನವರು. ಇವರ ದನಿ ಕೇಳಿದರೆ ಓಣಿಗೆಲ್ಲಾ ಧೈರ್ಯ. ಇವರ ಆಶೀರ್ವಾದವಿಲ್ಲದೆ ನಾವು ಒಂದು ಕೊಂಬೆಗೂ ಕೈ ಹಚ್ಚುವುದಿಲ್ಲ.”

ಮುದುಕಮ್ಮನ ಮುಖ ಸ್ವಲ್ಪ ಸಡಿಲವಾಯಿತು. “ಇದನ್ನ ಯಾವ ಚಿತ್ರಕ್ಕ ಹಚ್ಯಾನ?” ಎಂದು ಮಗಳನ್ನು ಕೇಳಿದರು.

ಅಂಬಿಕಾ ಪರದೆ ನೋಡಿದಳು, ತುಟಿ ಕಚ್ಚಿಕೊಂಡಳು. ಅಂಬಪ್ಪ ನೆಲ ನೋಡುತ್ತ ತಾನೇ ಹೇಳಿದ.

“ಗರಗಸದ ಮಶೀನಿಗ್ರೀ.”

ಮುದುಕಮ್ಮ ಎದ್ದರು. ಕೈಯಾಡಿಸಿ ಚಪ್ಪಲಿ ಹುಡುಕಿ ಒಂದು ಕಾಲಿಗೆ ಹಾಕಿಕೊಂಡರು. ಅಂಬಪ್ಪ ಇನ್ನೊಂದು ಚಪ್ಪಲಿಯನ್ನು ಕೈಯಲ್ಲಿ ಹಿಡಿದು, ಕೊಡಲೂ ಆಗದೆ ಬಚ್ಚಿಡಲೂ ಆಗದೆ ನಿಂತ. ಊರಿನ ಮರಗಳನ್ನೆಲ್ಲ ನಿಲ್ಲಿಸಿದವನಿಗೆ ಮನೆಯ ಹಿರಿಯರನ್ನು ನಿಲ್ಲಿಸಿಕೊಳ್ಳುವುದು ತಿಳಿಯಲಿಲ್ಲ. ಅಷ್ಟರಲ್ಲಿ ಫೋನು ಬಂತು. ಗಾಬರಿಯಲ್ಲಿ ಅವನ ಬೆರಳು ಸ್ಪೀಕರಿನ ಮೇಲೇ ಬಿತ್ತು. ದುರ್ಗಾದೇವಿಯವರ ದನಿ ಕೋಣೆ ತುಂಬಿತು.

ಈ ಸಲ ಬಟನ್ನುಗಳೆಲ್ಲ ತಮ್ಮ ಹೆಸರು ಹೇಳಿದವು, ಯಾರನ್ನೂ ಕೇಳದೆ ತಾನೇ ಬುಕ್ ಮಾಡಿದೆ ಎಂದು ಅವರು ಸಂತೋಷದಿಂದ ಹೇಳಿದರು. ಆಮೇಲೆ ಅವರು, “ಒಂದು ಮಾತು ಕೇಳ್ರಿ. ಗಿಡದ ಕೆಳಗ ನಿಂತ ನಿಮ್ಮ ಅತ್ತಿಯವ್ರನ್ನ ತೆಗೆಸೋದು ಸ್ವಲ್ಪ ಮುಂದಕ್ಕ ಹಾಕ್ರಿ. ಮೊದ್ಲು ನಮ್ಮ ಬೇವು ನೋಡಿ ಹೋಗ್ರಿ” ಎಂದರು. ಅತ್ತೆಯೆಂದು ಅವರಿಗೆ ಹೇಗೆ ತಿಳಿಯಿತೆಂದರೆ, ಚಿತ್ರದ ಕೆಳಗೆ ಎಲ್ಲರಿಗೂ ಕಾಣುವಂತೆ ‘ನಮ್ಮ ಅತ್ತೆಯವರು, ಹುಣಸೆಮರದ ನೆರಳಲ್ಲಿ’ ಎಂದು ಅಂಬಪ್ಪನೇ ಅಚ್ಚುಕಟ್ಟಾಗಿ ಹಾಕಿದ್ದ, ಅವರ ಮೊಬೈಲು ಅದನ್ನೂ ಓದಿತ್ತು.

ಮುದುಕಮ್ಮನ ಭುಜ ಅಲುಗಿತು. ಅಳುತ್ತಿದ್ದಾರೆಂದು ಅಂಬಿಕಾ ಹತ್ತಿರ ಓಡಿದಳು. ಅವರು ನಗುತ್ತಿದ್ದರು. ಕಣ್ಣಿಗೆ ನೀರು ಬರಬಾರದವ್ವ ಎಂದು ಮಗಳು ಗದರಿದಷ್ಟೂ ನಗು ಹೆಚ್ಚಾಯಿತು. ಕಡೆಗೆ ಅಳಿಯನ ಕೈಯಲ್ಲಿದ್ದ ಚಪ್ಪಲಿಯನ್ನು ಮೂಲೆಗೆ ಇಡಿಸಿ, ತಾವೇ ಮತ್ತೆ ಕುರ್ಚಿ ಹಿಡಿದರು. ಅಂಬಿಕಾ ವಿವರಗಳನ್ನು ಅವುಗಳ ಜಾಗಕ್ಕೆ ತರುತ್ತ ಹೋದಳು, ಮುದುಕಮ್ಮ ಒಂದೊಂದನ್ನೇ ಕೇಳಿ ತಲೆಯಾಡಿಸುತ್ತ ಹೋದರು. ಅಂಬಪ್ಪ ಎಲ್ಲರಿಗೂ ಚಹಾ ಮಾಡಿದ.

ಎಲ್ಲ ಮುಗಿದು ಒಡೆಯನ ಫೋಟೋ ಒಂದೇ ಉಳಿಯಿತು. ಅದಕ್ಕೇನೂ ಆಗಿಲ್ಲ, ಅದನ್ನು ಓದಿಸುವುದು ಬೇಡ ಎಂದು ಅಂಬಪ್ಪ ಅವಸರದಿಂದ ಹೇಳುವಷ್ಟರಲ್ಲಿ ಅಂಬಿಕಾ ಒತ್ತಿಬಿಟ್ಟಿದ್ದಳು. ಮೊಬೈಲು ಓದಿತು: “ಒಡೆಯ ಅಂಬಪ್ಪ. ಎತ್ತರದ ನಿಲುವು, ತುಂಬಿದ ಭುಜ, ದಟ್ಟವಾದ ಕಪ್ಪು ಕೂದಲು.”

ಮುದುಕಮ್ಮ ಚಹಾದ ಬಸಿ ಕೆಳಗಿಟ್ಟರು.

“ಅಳಿಯಂದ್ರ, ಕಣ್ಣು ಕಾಣದವ್ರಿಗೆ ಸುಳ್ಳು ಹೇಳಬಾರದ್ರೀ. ನನ್ನ ಕಣ್ಣಿಗೆ ಪೊರೆ ಬಂದು ಬಾಗಿಲಾ ಯಾವುದು ಗ್ವಾಡಿ ಯಾವುದು ತಿಳೀತಿರಲಿಲ್ಲ ನೋಡ್ರಿ, ಅವಾಗೂ ನಿಮ್ಮ ತಲಿ ಹೊಳ್ಯಾದು ಚಂದಾಗಿ ಕಾಣ್ತಿತ್ತು.”