ಕಬ್ಬಿಣದ ಕವಚಕ್ಕೆ ಬೆಟ್ಟದ ಪೂಜೆ

ಸಾಯುವುದೂ ಅಭ್ಯಾಸವಾಗಿಬಿಡುತ್ತದೆ ಎಂದರೆ ನೀವು ನಂಬಲಿಕ್ಕಿಲ್ಲ. ನಾನು ಪ್ರತಿ ಭಾನುವಾರ ಸಾಯುತ್ತೇನೆ, ಅದೂ ಚಾಮರಾಜನಗರದಿಂದ ಗುಂಡ್ಲುಪೇಟೆಗೆ ಬಸ್ ಚಾರ್ಜು ಕೊಟ್ಟುಕೊಂಡು ಹೋಗಿ. ಅಲ್ಲಿ ಮೋಟಾರು ರಿಪೇರಿ ಅಂಗಡಿ ಇಟ್ಟಿರುವ ಗೆಳೆಯ ಮಲ್ಲೇಶ ನಮಗೊಂದು ಆಟದ ಹುಚ್ಚು ಹಿಡಿಸಿದ್ದಾನೆ. ಪ್ರಳಯವಾಗಿ ಭೂಮಿ ಹಾಳಾಗಿದೆ, ಉಳಿದವರು ರಾಕ್ಷಸರ ಜೊತೆ ಬಡಿದಾಡಬೇಕು. ಕಥೆ ಹೇಳುವವನು ಮಲ್ಲೇಶ. ದಾಳ ಉರುಳಿಸಿ ಬದುಕುವವರು, ಸಾಯುವವರು ನಾವು. ನಡುವಯಸ್ಸಿನ ಗುಮಾಸ್ತನಿಗೆ ಇದೆಲ್ಲ ಬೇಕಿತ್ತೇ ಎಂದು ಕೇಳಬೇಡಿ. ಮನೆಗೆ ಬಂದರೆ ಹೆಂಡತಿ ಸಾವಿತ್ರಿ ಬಾಗಿಲಲ್ಲೇ, "ಇವತ್ತೂ ಸತ್ತೋದ್ರಾ? ಅಂಗೇ ಒಳೀಕೆ ಬರ್ಬೇಡಿ, ನೀರು ಉಯ್ಕೊಂಡು ಬನ್ನಿ" ಎನ್ನುತ್ತಾಳೆ. ಸತ್ತವನಿಗೇ ಸೂತಕ ಹಚ್ಚುವ ಶಾಸ್ತ್ರ ಯಾವುದೋ ನನಗೆ ಗೊತ್ತಿಲ್ಲ.

ಹೋದ ಭಾನುವಾರ ಏನಾದರಾಗಲಿ, ಬದುಕಿಯೇ ಮನೆಗೆ ಹೋಗುತ್ತೇನೆಂದು ಹಟ ತೊಟ್ಟೆ. ಅದಕ್ಕೆ ಆಟದಲ್ಲಿ ದಾರಿ ಎರಡಿದ್ದವು. ಕೈಕಾಲು ತೆಗೆಸಿ ಯಂತ್ರ ಕೂರಿಸಿಕೊಂಡು ಸೈಬೋರ್ಗ್ ಆಗುವುದು, ಇಲ್ಲವೇ ಕರೆಂಟಿನಲ್ಲಿ ನಡೆಯುವ ಕಬ್ಬಿಣದ ಕವಚ ಕೊಂಡು ಅದರೊಳಗೆ ಹೊಗುವುದು. ಪ್ರಳಯದಲ್ಲಿ ನೋಟು ಸತ್ತು ಅರಿಸಿನವೇ ದುಡ್ಡಾಗಿತ್ತು. ಸೈಬೋರ್ಗಿಗೆ ಹನ್ನೆರಡು ಗಾಡಿ ಅರಿಸಿನ, ಕವಚಕ್ಕೆ ಏಳು ಎಂದ ಮಲ್ಲೇಶ. "ಕೊಂಬಾ, ಪುಡಿಯಾ?" ಎಂದ ಜೊತೆಗಾರ ನಾಗರಾಜು. ಅವನು ಹರವೆಯಲ್ಲಿ ಅರಿಸಿನ ಬೆಳೆಯುವವನು. ಪ್ರಳಯವಾದರೂ ರೇಟು ಕೇಳದೆ ಬಿಡುವವನಲ್ಲ.

"ಯಂತ್ರದ್ ಕೈನೇ ಆಕುಸ್ಕೊ ಕಣ್ಲಾ, ಕಳ್ರು ಎತ್ಕೊಂಡೋಗಕಾಗಲ್ಲ" ಎಂದು ಅವನು ಬುದ್ಧಿ ಹೇಳಿದ. ನಾನು ಒಪ್ಪಲಿಲ್ಲ. ಕವಚವನ್ನು ನಾಳೆ ಸೆಕೆಂಡ್ ಹ್ಯಾಂಡಿಗೆ ಮಾರಬಹುದು. ಸೈಬೋರ್ಗ್ ಆದರೆ ನನ್ನನ್ನೇ ಮಾರಬೇಕು, ಕೊಳ್ಳುವವರು ಯಾರು? ಸಾವಿತ್ರಿಯನ್ನು ಕೇಳಿದರೆ ಬಿಟ್ಟಿಗೂ ಬೇಡ ಎಂದಾಳು. ಕೊನೆಗೆ ಅಗ್ಗದ್ದೇ ಲೇಸೆಂದು ಕವಚ ಕೊಂಡೆ.

ಕೊಂಡದ್ದೇನೋ ಸರಿ, ಹೊಸ ಗಾಡಿ ಪೂಜೆಯಿಲ್ಲದೆ ರಸ್ತೆಗಿಳಿಯುವುದುಂಟೇ? "ಗೋಪಾಲಸಾಮಿ ಬೆಟ್ಟಕ್ಕೆ ಓಗಿ ಪೂಜೆ ಮಾಡಿಸ್ಬುಡನ" ಎಂದ ನಾಗರಾಜು. ನನಗೂ ಅದೇ ಸರಿಯೆನಿಸಿತು. ಆಟದಲ್ಲೇ ಬೆಟ್ಟದ ಬುಡ ಮುಟ್ಟಿದೆವು. ಅಲ್ಲಿ ಮಲ್ಲೇಶ ತಡೆದ: "ಸ್ವಂತ ಗಾಡಿ ಮೇಲಕ್ಕೆ ಬುಡಲ್ಲ. ಬಸ್ಸಲ್ಲೇ ಓಗ್ಬೇಕು." ಭೂಮಿಯೇ ಹಾಳಾದರೂ ಅರಣ್ಯ ಇಲಾಖೆಯ ಆ ಗೇಟು ಉಳಿದಿತ್ತಂತೆ. ಕವಚ ಬಸ್ಸಿನ ಬಾಗಿಲಲ್ಲಿ ಹಿಡಿಯಲಿಲ್ಲ. ಇದು ಗಾಡಿಯಲ್ಲ, ಮೈಮೇಲಿನ ಬಟ್ಟೆ ಎಂದು ಬಹಳ ಹೊತ್ತು ವಾದಿಸಿ ನಡೆದೇ ಹತ್ತಿದೆ. ಕವಚದ ಹಣೆಗೆ ಕುಂಕುಮ ಹಚ್ಚಿದ್ದಾಯಿತು, ಕಾಲ ಮುಂದೆ ನಿಂಬೆಹಣ್ಣು ಇಟ್ಟದ್ದಾಯಿತು. ಅದನ್ನು ತುಳಿಯಲು ಬಲಗಾಲೆತ್ತಿದೆ. ಕವಚದ ಬ್ಯಾಟರಿ ಚಾರ್ಜು ಮುಗಿಯಿತು. ಇದ್ದುದೆಲ್ಲ ಬೆಟ್ಟ ಹತ್ತುವುದರಲ್ಲೇ ಖರ್ಚಾಗಿತ್ತು.

ಅಷ್ಟರಲ್ಲಿ ರಾಕ್ಷಸರು ಬಂದರು. ನಾನು ಒಂಟಿಕಾಲಲ್ಲಿ ನಿಂತೇ ಇದ್ದೆ. ಕರೆಂಟಿಲ್ಲದೆ ಕವಚದ ಬಾಗಿಲೂ ತೆರೆಯದು. "ಬಾರ್ಲಾ, ಕಾಪಾಡ್ಲಾ" ಎಂದು ನಾಗರಾಜು ಕೂಗಿಕೊಂಡ. "ಕರೆಂಟು ಬರ್ಲಿ, ತಡಿ" ಎಂದೆ. ಅವನು ಸತ್ತ. ರಾಕ್ಷಸರು ನನ್ನನ್ನೂ ಬಡಿದು, ಕುಟ್ಟಿ, ಕೈಸೋತು, ಕೊನೆಗೆ ಕುಂಕುಮ ನೋಡಿ ಯಾವುದೋ ದೇವರಿರಬೇಕೆಂದು ಅಡ್ಡಬಿದ್ದು ಹೊರಟುಹೋದರು.

ಎದೆಯುಬ್ಬಿಸಿಕೊಂಡು ಮನೆಗೆ ಬಂದೆ. "ಇವತ್ತು ಸಾಯಲಿಲ್ಲ ಕಣೇ" ಎಂದೆ.

"ನಾಗರಾಜಣ್ಣ?" ಎಂದಳು ಸಾವಿತ್ರಿ.

"ಅವ್ನು ಸತ್ತ."

"ಅಂಗಾದ್ರೆ ಸಾವಿನ ತಾವಿಂದ ಬಂದಿದೀರಿ. ನೀರು ಉಯ್ಕೊಳ್ದೆ ಒಳೀಕೆ ಬರ್ಬೇಡಿ."

ಬಿಸಿನೀರು ಇದೆಯೇ ಎಂದು ಮೆಲ್ಲಗೆ ಕೇಳಿದೆ. "ಗೀಜರಲ್ಲಿ ಎಲ್ಲಿಂದ ಬತ್ತದೆ? ಮಧ್ಯಾನದಿಂದ ಕರೆಂಟಿಲ್ಲ. ಬರೋಗಂಟ ಅಲ್ಲೇ ನಿಂತಿರಿ" ಎಂದು ಅವಳು ಒಳಗೆ ಹೋದಳು.

ಹೊಸಿಲು ದಾಟಲೆಂದು ಬಲಗಾಲು ಆಗಲೇ ಎತ್ತಿದ್ದೆ. ಹಾಗೇ ನಿಂತೆ.