ಅಮೆರಿಕದ ಹಾಲು

ಸೊರಬದ ಹಾಸ್ಟೆಲಿನಲ್ಲಿ ಅಡುಗೆ ಮಾಡುತ್ತಿದ್ದ ನಿಂಗಮ್ಮ ಹಾಲಿನ ಪುಡಿಯ ಪೀಪಾಯಿಗೆ ಮುಚ್ಚಳ ಹಾಕಲು ಮರೆತಳು. ಆಷಾಢದ ಥಂಡಿಗೆ ಪುಡಿಯೆಲ್ಲ ಸುಣ್ಣದ ಹರಳಿನಂತೆ ಗಟ್ಟಿಯಾಯಿತು. ಒನಕೆಯಲ್ಲಿ ಕುಟ್ಟಿ ಕಾಯಿಸಹೋದರೆ ತಳ ಹಿಡಿದು ಸೀದು ಹೋಯಿತು. ಅದರ ರುಚಿ ನೋಡಲು ಶಿವಮೊಗ್ಗದ ಸಾಹೇಬರು ಬರುವುದಿದ್ದದ್ದೂ ಅದೇ ದಿನ.

ಸುದ್ದಿ ಕೇಳಿ ಉಜ್ಜಪ್ಪನಿಗೆ ಹಾಲು ಕುಡಿದಷ್ಟು ಸಂತೋಷವಾಯಿತು. ಎರಡು ಎಮ್ಮೆ ಕಟ್ಟಿಕೊಂಡು ಹಾಸ್ಟೆಲಿಗೆ ಹಾಲು ಹಾಕುತ್ತಿದ್ದವನು ಅವನೇ. ಅಮೆರಿಕದವರು ತಾವು ಕುಡಿದು ಮಿಕ್ಕಿದ್ದನ್ನು ಪುಡಿ ಮಾಡಿ, ಹಡಗು ಹತ್ತಿಸಿ, ಬಿಟ್ಟಿ ಕಳಿಸಿದ್ದರು. ಬಿಟ್ಟಿ ಹಾಲಿನ ಮುಂದೆ ಹುಲ್ಲು ಹಿಂಡಿ ತಿನ್ನುವ ಎಮ್ಮೆ ಎಷ್ಟು ದಿನ ನಿಂತೀತು? ಸಾಹೇಬರು ಪುಡಿಯನ್ನು ಒಪ್ಪಿದರೆ ಅವನ ಹಾಲು ಬಂದ್.

ಅಷ್ಟರಲ್ಲಿ ಹಾಸ್ಟೆಲಿನ ಮೇಲ್ವಿಚಾರಕ ಮಹೇಶ್ವರಪ್ಪ ಕೊಟ್ಟಿಗೆಗೇ ಓಡಿ ಬಂದ.

"ಉಜ್ಜಪ್ಪ, ಮರ್ಯಾದೆ ಉಳ್ಸೋ! ಪುಡಿ ಹಾಳಾಗಿದ್ದು ಗೊತ್ತಾದ್ರೆ ನನ್ ಕೆಲ್ಸ ಹೋಗ್ತದೆ. ಒಂದು ಚೆಂಬು ಗಟ್ಟಿ ಹಾಲು ಕೊಡು. ಪುಡಿ ಹಾಲು ಅಂತ ಕುಡ್ಸಿ ಕಳಿಸ್ತೀನಿ."

"ಅವ್ರು ಒಪ್ಪಿಬಿಟ್ರೆ ನನ್ ಗತಿ ಏನ್ರೀ?"

"ಪೀಪಾಯಿ ಹಾಳಾಗಿದೆಯಲ್ಲೋ! ಅವ್ರು ಅತ್ಲಾಗೆ ಹೋದ್ರೆ ಇತ್ಲಾಗೆ ನಿನ್ ಹಾಲೇ ತಗೋತೀವಿ."

ಪಕ್ಕದ ಮನೆಯ ಗುಡ್ಡಮ್ಮ ಬೇಲಿಯಾಚೆಯಿಂದ ನ್ಯಾಯ ಹೇಳಿದಳು: "ಕೊಡೋ ಮಾರಾಯ, ದೊಡ್ಡೋರು ಕೈ ಮುಗೀತಿದಾರೆ. ನಾಳೆ ಅವ್ರೇ ಬೇಕು."

ಉಜ್ಜಪ್ಪ ಕರಗಿದ. ಆಗಷ್ಟೇ ಕರೆದ ನೊರೆಹಾಲನ್ನು ತಾನೇ ಹೊತ್ತು ತಂದು ಕಾಯಿಸಿಕೊಟ್ಟ.

ಸಾಹೇಬರು ಒಂದು ಲೋಟ ಕುಡಿದರು. ಇನ್ನೊಂದು ಕೇಳಿದರು. ಮೀಸೆ ಒರೆಸಿಕೊಂಡು, "ಭೇಷ್! ಅಮೆರಿಕದೋರು ಅಂದ್ರೆ ಅಮೆರಿಕದೋರೇ ಕಣ್ರೀ! ಇನ್ನೂ ಆರು ಪೀಪಾಯಿ ಈ ವಾರವೇ ಕಳಿಸ್ತೀನಿ. ಶಿಕಾರಿಪುರಕ್ಕೂ ಇದನ್ನೇ ಬರೀತೀನಿ. ಎಮ್ಮೆ ಹಾಲು ನಾಳೆಯಿಂದ ನಿಲ್ಲಿಸಿ," ಎಂದರು.

ಬಾಗಿಲಲ್ಲಿ ನಿಂತಿದ್ದ ಉಜ್ಜಪ್ಪ ಮಹೇಶ್ವರಪ್ಪನ ಮುಖ ನೋಡಿದ. ಮಹೇಶ್ವರಪ್ಪ ತಲೆಯೆತ್ತಿ ಮಾಡಿನ ಜಂತಿ ಎಣಿಸುತ್ತಿದ್ದ.

"ಸ್ವಾಮಿ, ಅದು ಪುಡಿ ಅಲ್ರೀ! ನನ್ ಎಮ್ಮೆ ಹಾಲು! ಇವ್ರನ್ನೇ ಕೇಳಿ!"

"ಪಾಪ, ಹಾಲು ನಿಂತ ಸಂಕಟ ಸ್ವಾಮಿ," ಎಂದ ಮಹೇಶ್ವರಪ್ಪ.

ಸಾಹೇಬರು ನಕ್ಕುಬಿಟ್ಟರು. "ಯಾರಿಗೆ ಹೇಳ್ತೀಯಯ್ಯ? ನಿಮ್ಮೂರ ಎಮ್ಮೆ ಹಾಲು ಹೇಗಿರ್ತದೆ ಅಂತ ಈಗಷ್ಟೇ ಬಸ್ ಸ್ಟ್ಯಾಂಡ್ ಹೋಟ್ಲಲ್ಲಿ ನೋಡ್ಕೊಂಡೇ ಬಂದೆ. ಕಾಫೀಲಿ ಬರೀ ಕೆರೆ ನೀರು!"

ಉಜ್ಜಪ್ಪ ಖಾಲಿ ಚೆಂಬು ಎತ್ತಿಕೊಂಡು ಹೊರಟ. ಆ ಹೋಟೆಲಿಗೆ ಹಾಲು ಹಾಕುತ್ತಿದ್ದವನೂ ಅವನೇ.